ಅಶೋಕವೃಕ್ಷದ ನಾಮವೂ ಲಕ್ಷಣವೂ

ಹೂಬಿಡುವ ಸಸ್ಯಗಳಲ್ಲಿ ನೂತನವಾದೊಂದು ಪ್ರಭೇದವು ಕಂಡುಬಂದಿತೆಂದು ಸಸ್ಯಶಾಸ್ತ್ರಜ್ಞರು ಪ್ರಕಟಿಸುವಾಗ, ಆ ‘ನೂತನ’ ಶಬ್ದಕ್ಕೆ ಅರ್ಥವೇನೆಂಬ ಸಂಶಯವು ಸಾಹಿತ್ಯಾಭ್ಯಾಸಿಗಳಲ್ಲಿ ಸಹಜವಾಗಿ ಹುಟ್ಟುವುದು. ಕಾಡಿನಲ್ಲಿ ಅನಾದಿಯಿಂದ ಬೆಳೆಯುತ್ತಿದ್ದು, ನೆರೆಯ ಹಳ್ಳಿಯವರು ಒಂದು ಹೆಸರಿಟ್ಟು ಕರೆಯುತ್ತಿದ್ದು, ವೈದ್ಯರು ಅದರ ತೊಗಟೆಯನ್ನು ಕಷಾಯಕ್ಕೆ ಬಳಸುತ್ತಿದ್ದ ಮರವನ್ನು ಒಬ್ಬ ವಿದ್ವಾಂಸನು ಒಂದು ದಿನ ಲ್ಯಾಟಿನ್ ಭಾಷೆಯಲ್ಲಿ ವರ್ಣಿಸಿದ ಮಾತ್ರಕ್ಕೆ ಅದು ಹೊಸದಾಗುವುದು ಹೇಗೆ? ಈ ಆಕ್ಷೇಪವು ನ್ಯಾಯವಾದುದೇ. ಆದರೆ ಅಷ್ಟರಿಂದಲೇ ಸಸ್ಯಶಾಸ್ತ್ರಜ್ಞರ ವ್ಯವಹಾರವೆಲ್ಲವೂ ವ್ಯರ್ಥವೆಂದು ತೀರ್ಮಾನಿಸುವುದು ಸಾಹಸವಾದೀತು. ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಅಶೋಕವೃಕ್ಷಕ್ಕಿಂತ ತಕ್ಕ ಉದಾಹರಣೆ ದೊರೆಯುವುದು ಕಷ್ಟ. ಏಕೆಂದರೆ, ರಾಮಾಯಣದಲ್ಲಿ ಸೀತಾದೇವಿಯ ಸೆರೆಗೆ ಸಾಕ್ಷಿಯಾದ ವನಕ್ಕೆ ಹೆಸರನ್ನಿತ್ತ ಈ ಮರವು ಕ್ರಿ. ಶ. ೧೭೯೫ರಲ್ಲಿ ಕಲ್ಕತ್ತೆಯ ಒಂದು ವಿದ್ವತ್ಸಭೆಯ ಸಂಪುಟದಲ್ಲಿ ಹೊಸ ಸಸ್ಯವೆಂದು ವರ್ಣಿತವಾಯಿತು.

ನೈಯಾಯಿಕರು ಶಾಸ್ತ್ರದ ಪ್ರವೃತ್ತಿಯನ್ನು ಉದ್ದೇಶ, ಲಕ್ಷಣ, ಪರೀಕ್ಷೆ ಎಂದು ಮೂರಾಗಿ ವಿಭಾಗಿಸಿರುವರು. ಪದಾರ್ಥದ ಹೆಸರನ್ನು ಹೇಳುವುದು ಉದ್ದೇಶ. ಅದನ್ನು ಇತರ ಪದಾರ್ಥಗಳಿಂದ ಬೇರ್ಪಡಿಸುವ ಅಸಾಧಾರಣ ಧರ್ಮವನ್ನು ಹೇಳುವುದು ಲಕ್ಷಣ. ಹೇಳಿದ ಲಕ್ಷಣವು ಹೊಂದುವುದೋ ಇಲ್ಲವೋ ಎಂದು ವಿಚಾರಿಸುವುದು ಪರೀಕ್ಷೆ. ಲಕ್ಷಣಕ್ಕೆ ಬರತಕ್ಕ ದೋಷಗಳೂ ಮೂರು. ಗೋವಿಗೆ ಕಪಿಲವರ್ಣವೇ ಲಕ್ಷಣವೆಂದರೆ ಬಿಳಿಯ ಹಸು ಬಿಟ್ಟುಹೋಗುವುದರಿಂದ ಅವ್ಯಾಪ್ತಿ. ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಸೇರುವುದರಿಂದ ಅತಿವ್ಯಾಪ್ತಿ. ಒಂದೇ ಗೊರಸುಳ್ಳದ್ದು ಎಂದರೆ ಯಾವ ಹಸುವಿನಲ್ಲಿಯೂ ಇಲ್ಲವಾದುದರಿಂದ ಅಸಂಭವ. ಅಶೋಕವನ್ನು ಕುರಿತು ನಮ್ಮ ನಿಘಂಟುಕಾರರೂ, ಮಲೆಯಾಳದ ವೈದ್ಯರ ನೆರವಿನಿಂದ ಗ್ರಂಥ ಮಾಡಿಸಿದ ಡಚ್ಚರೂ, ಕಲ್ಕತ್ತೆಯ ಆಂಗ್ಲ ಪಂಡಿತರೂ ಬರೆದುದನ್ನು ಈ ಮಾನದಂಡದಿಂದ ಅಳೆದು ನೋಡಿದರೆ ಒಬ್ಬೊಬ್ಬರ ಗುಣದೋಷಗಳು ತಾವಾಗಿಯೇ ಸ್ಪಷ್ಟವಾಗುವುವು.

ಮೊದಲು ನಿಘಂಟುಗಳ ವಿಚಾರ. ಅಮರಸಿಂಹನು ವನೌಷಧಿವರ್ಗದಲ್ಲಿ ಅಶೋಕಕ್ಕೆ ವಂಜುಲವೆಂಬ ಪರ್ಯಾಯವನ್ನು ಹೇಳಿರುವನು. ಆದರೆ ಅದೇ ವರ್ಗದಲ್ಲಿಯೇ ತಿನಿಶವೃಕ್ಷಕ್ಕೂ ವೇತಸಕ್ಕೂ ವಂಜುಲವೆಂಬ ಹೆಸರು ಬಂದಿದೆ. ಹೀಗೆ ಒಂದೇ ಶಬ್ದವು ಮೂರು ಸಸ್ಯಗಳಿಗೆ ಸಲ್ಲುವುದರಿಂದ, ಕಾವ್ಯದಲ್ಲಿ ವಂಜುಲವೆಂಬ ಪದವು ಬಂದಾಗ ಪ್ರಕರಣವನ್ನು ನೋಡಿಯೇ ಅರ್ಥನಿರ್ಣಯ ಮಾಡಬೇಕು. ಹೊಳೆಯ ದಡದ ವಂಜುಲವು ವೇತಸವಾಗಬಹುದು. ಉಪವನದ ವಂಜುಲವು ಅಶೋಕವಾಗಬಹುದು. ನಿಘಂಟುಕಾರನ ಉದ್ದೇಶವು ಕವಿಗಳಿಗೆ ಪದಸಂಪತ್ತನ್ನು ಒದಗಿಸುವುದೇ ಹೊರತು ಮರವನ್ನು ಗುರುತಿಸುವ ದಾರಿಯನ್ನು ತೋರಿಸುವುದಲ್ಲವಾದುದರಿಂದ ಇದನ್ನು ದೋಷವೆಂದು ಎಣಿಸತಕ್ಕದ್ದಲ್ಲ. ಆದರೆ ಉದ್ದೇಶಮಾತ್ರವನ್ನು ಮಾಡಿದ ಗ್ರಂಥವನ್ನು ಲಕ್ಷಣಗ್ರಂಥವೆಂದು ಭಾವಿಸಿ ಅದರಿಂದ ಸಸ್ಯನಿರ್ಣಯ ಮಾಡಹೊರಟ ವ್ಯಾಖ್ಯಾನಕಾರರ ಪದ್ಧತಿಯು ದೋಷಯುಕ್ತವೇ ಸರಿ. ಅನೇಕ ಟೀಕೆಗಳಲ್ಲಿ ಸಸ್ಯವಾಚಕ ಪದವು ಬಂದೊಡನೆ ‘ವೃಕ್ಷವಿಶೇಷ’ ಎಂದೋ ‘ಒಂದು ಬಗೆಯ ಮರ’ ಎಂದೋ ಬರೆದು ಮುಂದೆ ಸಾಗುವುದು ರೂಢಿಯಾಗಿದೆ. ಅದರಿಂದ ಓದುಗನಿಗೆ ಆಗುವ ಜ್ಞಾನವು ಅತ್ಯಲ್ಪ.

ವೈದ್ಯನಿಘಂಟುಗಳಾದರೋ ಇದಕ್ಕಿಂತ ಒಂದು ಹೆಜ್ಜೆ ಮುಂದಿರುವುವು. ಭಾವಪ್ರಕಾಶದಲ್ಲಿ ಅಶೋಕಕ್ಕೆ ಹೇಮಪುಷ್ಪ, ತಾಮ್ರಪಲ್ಲವ, ಕಂಕೇಲಿ, ಪಿಂಡಪುಷ್ಪ, ಗಂಧಪುಷ್ಪ ಮೊದಲಾದ ಹೆಸರುಗಳು ಹೇಳಲ್ಪಟ್ಟಿವೆ. ಇವುಗಳಲ್ಲಿ ಕಂಕೇಲಿಯನ್ನು ರೂಢವೆಂದು ಬಿಟ್ಟರೆ ಮಿಕ್ಕ ನಾಲ್ಕೂ ಅನ್ವರ್ಥನಾಮಗಳು. ಮರವನ್ನು ಪ್ರತ್ಯಕ್ಷವಾಗಿ ನೋಡಿದವರಿಗೆ ಇವುಗಳ ಸ್ವಾರಸ್ಯವು ಕೂಡಲೇ ತಿಳಿಯುವುದು. ಅಶೋಕದ ಎಳೆಯ ಎಲೆಗಳು ತಾಮ್ರವರ್ಣವುಳ್ಳವಾಗಿ ಮೃದುವಾದ ಗೊಂಚಲಿನಂತೆ ಕೆಳಕ್ಕೆ ಜೋಲುತ್ತಿರುವುವು, ಆದುದರಿಂದ ತಾಮ್ರಪಲ್ಲವ. ಹೂಗಳು ಒತ್ತೊತ್ತಾಗಿ ಉಂಡೆಯಾಕಾರದ ಗೊಂಚಲುಗಳಲ್ಲಿ ಕೊಂಬೆಗೇ ಅಂಟಿದಂತೆ ಅರಳುವುವು, ಆದುದರಿಂದ ಪಿಂಡಪುಷ್ಪ. ಅವುಗಳಿಗೆ ಪರಿಮಳವಿರುವುದರಿಂದ ಗಂಧಪುಷ್ಪ. ಹೂವು ಅರಳಿದಾಗ ಹೊಂಬಣ್ಣವಾಗಿದ್ದು, ಬಳಿಕ ಕಿತ್ತಳೆಯ ಬಣ್ಣಕ್ಕೆ ತಿರುಗಿ, ಕೊನೆಗೆ ಕೆಂಪಾಗುವುದು. ಆದುದರಿಂದ ಹೇಮಪುಷ್ಪವೆಂಬ ಹೆಸರೂ ಹೊಂದುವುದು, ರಕ್ತಾಶೋಕವೆಂಬ ಕವಿಪ್ರಯೋಗವೂ ಹೊಂದುವುದು. ಕಾಳಿದಾಸನು ಮೇಘದೂತದಲ್ಲಿ ರಕ್ತಾಶೋಕವನ್ನೂ ಮಾಲವಿಕಾಗ್ನಿಮಿತ್ರದಲ್ಲಿ ತಪನೀಯಾಶೋಕವನ್ನೂ ಹೇಳಿರುವುದನ್ನು ಕಂಡು ಇವು ಎರಡು ಬೇರೆ ಮರಗಳೆಂದು ಕಲ್ಪಿಸಬೇಕಾದ ಆವಶ್ಯಕತೆ ಇಲ್ಲ. ಒಂದೇ ಗೊಂಚಲಿನಲ್ಲಿ ಹೊನ್ನಿನ ಬಣ್ಣವೂ ಕೆಂಪೂ ಏಕಕಾಲದಲ್ಲಿ ಕಾಣುವುವು.

ಆದುದರಿಂದ ವೈದ್ಯನಿಘಂಟಿನ ಪರ್ಯಾಯಮಾಲೆಯು ಬರಿಯ ಹೆಸರುಗಳ ರಾಶಿಯಲ್ಲ. ಚದುರಿದ ರೂಪದಲ್ಲಿರುವ ಲಕ್ಷಣವಾಕ್ಯವೇ ಆಗಿದೆ. ಇದಕ್ಕೆ ಪ್ರತ್ಯುದಾಹರಣೆಯಿಂದಲೂ ಸಮರ್ಥನೆ ದೊರೆಯುವುದು. ಇಂದು ಪಟ್ಟಣಗಳ ಬೀದಿಗಳಲ್ಲಿಯೂ ಶಾಲೆಗಳ ಅಂಗಳಗಳಲ್ಲಿಯೂ ಕಂಬದಂತೆ ನೆಟ್ಟಗೆ ಬೆಳೆದು, ಅಂಚು ಅಲೆಯಲೆಯಾದ ಉದ್ದನೆಯ ಎಲೆಗಳನ್ನು ಕೆಳಕ್ಕೆ ಇಳಿಬಿಟ್ಟಿರುವ ಮರವನ್ನು ಜನರು ಅಶೋಕವೆಂದೇ ಕರೆಯುವರು. ಅದು ಸೀತಾಫಲದ ಕುಟುಂಬಕ್ಕೆ ಸೇರಿದುದು. ಪಾಲಿಯಾಲ್ಥಿಯ ಲಾಂಗಿಫೋಲಿಯ ಎಂದು ಬಹುಕಾಲ ಪ್ರಸಿದ್ಧವಾಗಿದ್ದು, ೨೦೧೨ರಿಂದ ಮೋನೂನ್ ಲಾಂಗಿಫೋಲಿಯಮ್ ಎಂಬ ಹೆಸರನ್ನು ಪಡೆದಿದೆ. ಅದರ ಚಿಗುರೂ ತಾಮ್ರವರ್ಣವೇ. ತಾಮ್ರಪಲ್ಲವವೆಂಬ ಒಂದೇ ಹೆಸರನ್ನು ಲಕ್ಷಣವೆಂದು ಹಿಡಿದರೆ ಅತಿವ್ಯಾಪ್ತಿ ಬರುವುದು. ಜನರ ಭ್ರಾಂತಿಗೆ ಇದೂ ಒಂದು ಕಾರಣವಾಗಿರಬಹುದು. ಆದರೆ ಆ ಮರದ ಹೂಗಳು ನಕ್ಷತ್ರಾಕಾರವಾಗಿ, ಎಲೆಗಳ ನಡುವೆ ಕಂಡೂಕಾಣದಂತೆ, ನಸುಹಸುರು ಬಣ್ಣದವಾಗಿರುವುವು. ಹೇಮಪುಷ್ಪವೆಂಬ ಹೆಸರು ಅದಕ್ಕೆ ಹೊಂದದು. ನಿಜವಾದ ಅಶೋಕವು ಹುಣಿಸೆಯ ಬಳಗದ್ದು. ಎಲೆಯು ಜೋಡಿಜೋಡಿ ಕಿರುಎಲೆಗಳಿಂದ ಕೂಡಿರುವುದು. ಕಾಯಿಯು ಚಪ್ಪಟೆಯಾದ ಕೋಡು. ನಿಘಂಟಿನ ಎಲ್ಲ ಹೆಸರುಗಳನ್ನೂ ಒಟ್ಟುಗೂಡಿಸಿ ಓದಿದವನಿಗೆ ಈ ಭ್ರಾಂತಿಯು ಬರಲಾರದು.

ಇಷ್ಟಾದರೂ ನಿಘಂಟಿನ ಕ್ರಮದಲ್ಲಿ ಎರಡು ಕೊರತೆಗಳು ಉಳಿದೇ ಇರುವುವು. ಹೆಸರುಗಳು ಛಂದಸ್ಸಿನ ಅನುಕೂಲದಂತೆ ಜೋಡಿಸಲ್ಪಟ್ಟಿರುವುದರಿಂದ ಯಾವುದು ಮುಖ್ಯಲಕ್ಷಣ, ಯಾವುದು ಗೌಣ ಎಂಬ ವಿವೇಕ ಅಲ್ಲಿಲ್ಲ. ಎರಡನೆಯದಾಗಿ, ಗುರುಮುಖದಿಂದ ಮರವನ್ನು ತೋರಿಸಿಕೊಂಡವನಿಗೆ ಮಾತ್ರ ಆ ಶ್ಲೋಕವು ಸಾರ್ಥಕ. ಆ ಪರಂಪರೆಯು ಎಲ್ಲಿ ಕಡಿಯಿತೋ ಅಲ್ಲಿ ಶ್ಲೋಕವು ಉಳಿದು ಮರವು ಮರೆಯಾಯಿತು.

ಇನ್ನು ‘ಹೋರ್ಟಸ್ ಮಲಬಾರಿಕಸ್’ ಎಂಬ ಗ್ರಂಥದ ವಿಚಾರ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವ್ಯಾನ್ ರೀಡ್ ಎಂಬವರು ಸಿದ್ಧಪಡಿಸಿದ ಈ ಗ್ರಂಥವು ೧೬೭೮ರಿಂದ ೧೬೯೩ರ ವರೆಗೆ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾಯಿತು. ಸುಮಾರು ೭೪೦ ಸಸ್ಯಗಳ ವರ್ಣನೆಯೂ ತಾಮ್ರಫಲಕಗಳಿಂದ ತೆಗೆದ ದೊಡ್ಡ ಚಿತ್ರಗಳೂ ಇದರಲ್ಲಿವೆ. ಸಸ್ಯಗಳ ಹೆಸರನ್ನೂ ಗುಣವನ್ನೂ ಹೇಳಿದವರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರು. ಅವರ ಜೊತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣ ವೈದ್ಯರು. ಇವರು ೧೬೭೫ರಲ್ಲಿ ಬರೆದುಕೊಟ್ಟ ಪ್ರಮಾಣಪತ್ರಗಳು ಅವರವರ ಲಿಪಿಯಲ್ಲಿಯೇ ಮೊದಲನೆಯ ಸಂಪುಟದಲ್ಲಿ ಮುದ್ರಿತವಾಗಿವೆ. ಯಾರಿಂದ ತಿಳಿದುಕೊಂಡೆವೆಂಬುದನ್ನು ಗ್ರಂಥಾರಂಭದಲ್ಲಿಯೇ ಹೀಗೆ ಒಪ್ಪಿಕೊಂಡಿರುವುದು ಆ ಕಾಲದ ಯೂರೋಪಿನ ಗ್ರಂಥಗಳಲ್ಲಿ ಅಪೂರ್ವವಾದ ಗುಣವೆಂದು ಹೇಳಬೇಕು.

ಈ ಗ್ರಂಥದ ಐದನೆಯ ಸಂಪುಟದಲ್ಲಿ ಅಶೋಕವು ಮಲೆಯಾಳದ ಉಚ್ಚಾರಣೆಗೆ ಅನುಸಾರವಾಗಿ ‘ಅಶೋಗಮ್’ ಎಂಬ ಹೆಸರಿನಿಂದ ಚಿತ್ರಸಮೇತವಾಗಿ ಬಂದಿದೆ. ಬೇರಿನಿಂದ ಬೀಜದ ವರೆಗೆ ಅಂಗಾಂಗಗಳ ವರ್ಣನೆ, ಬೆಳೆಯುವ ಸ್ಥಳ, ಹೂಬಿಡುವ ಕಾಲ, ವೈದ್ಯರಲ್ಲಿ ಉಪಯೋಗ, ಈ ಕ್ರಮವು ಗ್ರಂಥದಲ್ಲೆಲ್ಲ ಸಾಮಾನ್ಯವಾಗಿ ಅನುಸರಿಸಲ್ಪಟ್ಟಿದೆ. ನಿಘಂಟಿನಲ್ಲಿ ಗುರುಮುಖವು ಮಾಡಬೇಕಾದ ಕೆಲಸವನ್ನು ಇಲ್ಲಿ ಚಿತ್ರವು ಮಾಡುವುದು. ಆದರೆ ಈ ಗ್ರಂಥಕ್ಕೂ ದೋಷವಿಲ್ಲದೆ ಇಲ್ಲ. ವರ್ಣನೆಯು ದೀರ್ಘವಾಗಿದ್ದರೂ ವ್ಯಾವರ್ತಕವಾಗಿಲ್ಲ; ಮರವು ಹೇಗಿದೆಯೆಂದು ಹೇಳುವುದೇ ಹೊರತು, ಅದನ್ನು ಹೋಲುವ ಮರಗಳಿಂದ ಅದು ಹೇಗೆ ಬೇರೆಯೆಂದು ಹೇಳುವುದಿಲ್ಲ. ಇದಲ್ಲದೆ, ಮಲೆಯಾಳದಲ್ಲಿ ಹೇಳಿದುದು ಪೋರ್ಚುಗೀಸ್ ಭಾಷೆಗೆ ಇಳಿದು ಅಲ್ಲಿಂದ ಲ್ಯಾಟಿನ್ನಿಗೆ ಹೋದುದರಿಂದ, ಯಾರ ಬಾಯಿಂದ ಗ್ರಂಥವು ಹೊರಟಿತೋ ಅವರಿಗೇ ಅದನ್ನು ಓದಲು ಸಾಧ್ಯವಾಗಲಿಲ್ಲ. ೧೮೦೦–೧೮೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿ ಪ್ರವಾಸಗ್ರಂಥ ಬರೆದ ಫ್ರಾನ್ಸಿಸ್ ಬುಕಾನನ್ ಅವರು ಮುಂದೆ ಈ ಗ್ರಂಥದ ಮೇಲೆ ವಿಸ್ತಾರವಾದ ವ್ಯಾಖ್ಯಾನವನ್ನು ಬರೆದರು. ಕೇರಳದ ಕೆ. ಎಸ್. ಮಣಿಲಾಲ್ ಅವರು ದಶಕಗಳ ಪರಿಶ್ರಮದಿಂದ ಇದನ್ನು ೨೦೦೩ರಲ್ಲಿ ಇಂಗ್ಲಿಷಿನಲ್ಲಿಯೂ ೨೦೦೮ರಲ್ಲಿ ಮಲೆಯಾಳದಲ್ಲಿಯೂ ಹೊರತಂದರು. ವೈದ್ಯರ ಮಾತು ತನ್ನ ಭಾಷೆಗೆ ಮರಳಿ ಬರುವುದಕ್ಕೆ ಮುನ್ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

ಸ್ವೀಡನ್ ದೇಶದ ಲಿನ್ನೇಯಸ್ ಪಂಡಿತರು ೧೭೫೩ರಲ್ಲಿ ಪ್ರಕಟಿಸಿದ ‘ಸ್ಪೀಷೀಸ್ ಪ್ಲಾಂಟಾರಮ್’ ಎಂಬ ಗ್ರಂಥದಲ್ಲಿ ಪ್ರತಿಯೊಂದು ಸಸ್ಯಕ್ಕೂ ಎರಡು ಪದಗಳ ಹೆಸರನ್ನು ಕೊಟ್ಟರು. ಮೊದಲನೆಯ ಪದವು ಜಾತಿಯನ್ನೂ ಎರಡನೆಯದು ಅದರೊಳಗಿನ ಪ್ರಭೇದವನ್ನೂ ಸೂಚಿಸುವುದು. ಸಸ್ಯನಾಮಗಳ ಪ್ರಾಥಮ್ಯವನ್ನು ಈ ಗ್ರಂಥದಿಂದಲೇ ಎಣಿಸಬೇಕೆಂಬುದು ಇಂದಿನ ಅಂತಾರಾಷ್ಟ್ರೀಯ ನಿಯಮ. ಭಾರತದ ಸಸ್ಯಗಳಿಗೆ ಲಿನ್ನೇಯಸ್ ಪಂಡಿತರು ಬಹುವಾಗಿ ಆಶ್ರಯಿಸಿದುದು ಹೋರ್ಟಸ್ ಮಲಬಾರಿಕಸ್ ಗ್ರಂಥವನ್ನೇ. ಆದರೆ ಅಶೋಕದ ಪಾಲಿಗೆ ಬಂದ ವಿಧಿಯು ವಿಚಿತ್ರವಾದುದು. ೧೭೬೭ರಲ್ಲಿ ಅವರು ಜಾವಾ ದ್ವೀಪದಿಂದ ಬಂದ ಮಾದರಿಯ ಆಧಾರದಿಂದ ಸರಾಕ ಎಂಬ ಜಾತಿಯನ್ನು ಸ್ಥಾಪಿಸಿ, ಆ ಸಸ್ಯವನ್ನು ‘ಸರಾಕ ಇಂಡಿಕ’ ಎಂದು ಕರೆದರು.

ಇಲ್ಲಿಗೆ ಸರ್ ವಿಲಿಯಂ ಜೋನ್ಸ್ ಪಂಡಿತರ ಪ್ರವೇಶವಾಗುವುದು. ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದು ೧೭೮೪ರಲ್ಲಿ ಏಷಿಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದ ಇವರು ಶಾಕುಂತಲದ ಭಾಷಾಂತರಕಾರರೆಂದು ಸುಪ್ರಸಿದ್ಧರು. ಸಸ್ಯಗಳನ್ನು ಕುರಿತು ಇವರು ಬರೆದ ಲೇಖನಗಳು ನಮ್ಮ ಸಾಹಿತ್ಯಾಭ್ಯಾಸಿಗಳಿಗೆ ಅಷ್ಟಾಗಿ ಪರಿಚಿತವಾಗಿಲ್ಲ. ಭಾರತದ ಸಸ್ಯಗಳಿಗೆ ಭಾರತದ ಹೆಸರುಗಳನ್ನೇ ಇಡಬೇಕು, ಲಿನ್ನೇಯಸ್ ಪಂಡಿತರಿಗೆ ಸಂಸ್ಕೃತವು ತಿಳಿದಿದ್ದರೆ ಅವರೂ ಹಾಗೆಯೇ ಮಾಡುತ್ತಿದ್ದರು ಎಂಬುದು ಇವರ ದೃಢವಾದ ಅಭಿಪ್ರಾಯವಾಗಿತ್ತು. ಅಶೋಕದ ಹೂವಿನ ಶೋಭೆಯನ್ನು ಇವರು ಮನಸಾರೆ ಕೊಂಡಾಡಿರುವರು. ೧೭೯೪ರಲ್ಲಿ ಇವರು ಕಾಲವಾದ ಬಳಿಕ, ಸೊಸೈಟಿಯ ೧೭೯೫ರ ಸಂಪುಟದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಅಧ್ಯಕ್ಷರಾಗಿದ್ದ ವಿಲಿಯಂ ರಾಕ್ಸ್‌ಬರ್ಗ್ ಅವರು ಅಶೋಕವನ್ನು ಹೊಸದೊಂದು ಜಾತಿಯೆಂದು ವರ್ಣಿಸಿ, ಮಿತ್ರರ ಸ್ಮರಣಾರ್ಥವಾಗಿ ಅದಕ್ಕೆ ‘ಜೋನೇಸಿಯ ಅಸೋಕ’ ಎಂದು ನಾಮಕರಣ ಮಾಡಿದರು. ದೇಶೀಯ ನಾಮಗಳಿಗಾಗಿ ವಾದಿಸಿದವರ ಹೆಸರೇ ದೇಶೀಯ ನಾಮದ ಮುಂದೆ ಬಂದು ಕುಳಿತಿತು.

ರಾಕ್ಸ್‌ಬರ್ಗ್ ಅವರ ಲಕ್ಷಣವನ್ನು ಪರೀಕ್ಷಿಸಿದರೆ ಅದರ ಗುಣವು ಸ್ಪಷ್ಟವಾಗಿದೆ. ಅಶೋಕದ ಹೂವಿಗೆ ನಿಜವಾದ ದಳಗಳೇ ಇಲ್ಲ. ದಳಗಳೆಂದು ತೋರುವುದು ನಾಲ್ಕು ಸೀಳುಗಳುಳ್ಳ ಬಣ್ಣದ ಪುಷ್ಪಕೋಶ. ಅದರಿಂದ ಉದ್ದವಾದ ಕೇಸರಗಳು ಹೊರಚಾಚಿರುವುವು. ಯಾವ ಕವಿಯೂ ಯಾವ ನಿಘಂಟುಕಾರನೂ ದಳಾಭಾವವನ್ನು ಗಮನಿಸಿ ಹೇಳಿದಂತೆ ಕಾಣುವುದಿಲ್ಲ. ಪ್ರಸಿದ್ಧವಾದ ಮರದಲ್ಲಿ ಅಪ್ರಸಿದ್ಧವಾದ ಅಸಾಧಾರಣ ಧರ್ಮವನ್ನು ತೋರಿಸಿಕೊಟ್ಟುದೇ ಇಲ್ಲಿಯ ನೂತನತ್ವ. ಲಕ್ಷ್ಯವು ಹಳೆಯದು, ಲಕ್ಷಣವು ಹೊಸದು. ‘ನೂತನ ಪ್ರಭೇದ’ವೆಂಬ ವ್ಯವಹಾರವನ್ನು ಈ ಅರ್ಥದಲ್ಲಿ ಗ್ರಹಿಸಿದರೆ ಮೊದಲು ಹೇಳಿದ ಆಕ್ಷೇಪಕ್ಕೆ ಸಮಾಧಾನವು ದೊರೆಯುವುದು. ಆದರೆ ಕೇಸರಗಳ ಸಂಖ್ಯೆಯಿಂದಲೇ ಸಸ್ಯಗಳನ್ನು ವಿಂಗಡಿಸುವ ಲಿನ್ನೇಯಸ್ ಪಂಡಿತರ ಪದ್ಧತಿಯಂತೆ ರಾಕ್ಸ್‌ಬರ್ಗ್ ಅವರು ಅಶೋಕವನ್ನು ಏಳು ಕೇಸರಗಳ ವರ್ಗದಲ್ಲಿ ಸೇರಿಸಿದರು. ಅಶೋಕದ ಹೂಗಳಲ್ಲಿ ಆರು ಅಥವಾ ಎಂಟು ಕೇಸರಗಳೂ ಕಾಣುವುದುಂಟಾದುದರಿಂದ ಇದು ಅವ್ಯಾಪ್ತಿದೋಷಕ್ಕೆ ಸ್ಪಷ್ಟವಾದ ಉದಾಹರಣೆ. ಆ ವರ್ಗೀಕರಣಪದ್ಧತಿಯನ್ನು ಮುಂದಿನವರು ಕೈಬಿಟ್ಟುದು ಯುಕ್ತವೇ.

ಮುಂದೆ, ಜೋನೇಸಿಯವು ಲಿನ್ನೇಯಸ್ ಪಂಡಿತರ ಸರಾಕವೇ ಎಂದು ತಿಳಿದುಬಂದುದರಿಂದ, ಪ್ರಾಥಮ್ಯದ ನಿಯಮಕ್ಕೆ ಅನುಸಾರವಾಗಿ ಜೋನ್ಸ್ ಪಂಡಿತರ ಹೆಸರು ಬಿದ್ದುಹೋಯಿತು. ನಮ್ಮ ಮರವೂ ಜಾವಾದ ಮರವೂ ಒಂದೇ ಎಂದು ಬಗೆದು ಬಹುಕಾಲ ಎರಡನ್ನೂ ‘ಸರಾಕ ಇಂಡಿಕ’ ಎಂದೇ ಕರೆಯುತ್ತಿದ್ದರು. ಹಳೆಯ ಕೋಶಗಳಲ್ಲಿಯೂ ವೈದ್ಯಗ್ರಂಥಗಳಲ್ಲಿಯೂ ಅಶೋಕಕ್ಕೆ ಈ ಹೆಸರೇ ಕಾಣುವುದು. ೧೯೬೦ರ ದಶಕದಲ್ಲಿ ನೆದರ್‌ಲೆಂಡಿನ ಡಿ ವಿಲ್ಡೆ ಎಂಬ ವಿದ್ವಾಂಸರು ಇವೆರಡೂ ಬೇರೆ ಪ್ರಭೇದಗಳೆಂದು ನಿರ್ಣಯಿಸಿ, ಭಾರತದ ಮರಕ್ಕೆ ರಾಕ್ಸ್‌ಬರ್ಗ್ ಅವರು ಕೊಟ್ಟ ಎರಡನೆಯ ಪದವನ್ನು ಉಳಿಸಿಕೊಂಡು ‘ಸರಾಕ ಅಸೋಕ’ ಎಂಬ ಹೆಸರನ್ನು ಸ್ಥಾಪಿಸಿದರು. ಇದರ ಪರಿಣಾಮವಾಗಿ ‘ಭಾರತೀಯ’ ಎಂಬ ಅರ್ಥವುಳ್ಳ ‘ಇಂಡಿಕ’ ಎಂಬುದು ಜಾವಾದ ಮರಕ್ಕೆ ಉಳಿಯಿತು. ಯೌಗಿಕಾರ್ಥದಲ್ಲಿ ಇದು ಅಸಂಭವದೋಷವೇ. ಆದರೆ ಹೆಸರಿನ ಅರ್ಥವು ಹೊಂದಲಿಲ್ಲವೆಂಬ ಕಾರಣದಿಂದ ಹೆಸರನ್ನು ತಳ್ಳಿಹಾಕಬಾರದೆಂದು ಸಸ್ಯನಾಮಶಾಸ್ತ್ರದ ನಿಯಮವಿದೆ. ಮಂಡಪ ಶಬ್ದಕ್ಕೆ ಗಂಜಿಯನ್ನು ಕುಡಿಯುವವನೆಂಬ ಅವಯವಾರ್ಥವು ತೋರಿದರೂ ಲೋಕವು ಅದನ್ನು ಬಿಟ್ಟು ಮನೆಯ ಅರ್ಥದಲ್ಲಿಯೇ ಬಳಸುವಂತೆ, ಸಸ್ಯನಾಮವೂ ಶುದ್ಧರೂಢವೆಂದು ತಿಳಿಯತಕ್ಕದ್ದು. ನಮ್ಮ ನಿಘಂಟುಗಳ ಅನ್ವರ್ಥನಾಮಗಳಿಗೂ ಇವಕ್ಕೂ ಇರುವ ಮುಖ್ಯಭೇದವು ಇದೇ.

ಜೋನ್ಸ್ ಪಂಡಿತರ ಅಭಿಪ್ರಾಯವು ಅಶೋಕದಲ್ಲಿ ಕಡೆಗೂ ಸಫಲವಾಯಿತೆಂದು ಸಂತೋಷಪಡಬಹುದು. ಅವರ ಹೆಸರು ಹೋಯಿತು. ಅವರು ಬಯಸಿದ ಹೆಸರು ನಿಂತಿತು. ಆದರೆ ದೇಶೀಯ ನಾಮವನ್ನು ಪರೀಕ್ಷೆಯಿಲ್ಲದೆ ಅಂಟಿಸುವುದರಿಂದ ಅಪಾಯವೂ ಉಂಟೆಂಬುದಕ್ಕೆ ಅವರ ಇನ್ನೊಂದು ಲೇಖನವೇ ಸಾಕ್ಷಿ. ಯವನರು ಬಹುಮೂಲ್ಯವೆಂದು ಕೊಳ್ಳುತ್ತಿದ್ದ ನಾರ್ಡ್ ಎಂಬ ಸುಗಂಧದ್ರವ್ಯವು ನಮ್ಮ ಜಟಾಮಾಂಸಿಯೇ ಎಂದು ಅವರು ತೋರಿಸಿಕೊಟ್ಟರು. ಆ ನಿರ್ಣಯವು ಸಾಧುವಾದುದು. ಆದರೆ ಜಟಾಮಾಂಸಿಯೆಂದು ವರ್ಣಿತವಾದ ಗಿಡವು ಬೇರೊಂದಾಗಿತ್ತು. ಅದರಿಂದ ‘ವಲೇರಿಯಾನ ಜಟಾಮಾಂಸಿ’ ಎಂಬ ಹೆಸರು ಇಂದಿಗೂ ತಗರವೆಂದು ಮಾರಾಟವಾಗುವ ಗಿಡಕ್ಕೆ ಅಂಟಿಕೊಂಡಿದೆ. ನಿಜವಾದ ಜಟಾಮಾಂಸಿಗೆ ‘ನಾರ್ಡೋಸ್ಟಾಕಿಸ್ ಜಟಾಮಾಂಸಿ’ ಎಂಬ ಹೆಸರು ಬೇರೆಯಾಗಿ ಬಂದಿದೆ. ಒಂದೇ ಸಂಸ್ಕೃತ ಪದವು ಎರಡು ಗಿಡಗಳಿಗೆ ಸೇರಿದುದರಿಂದ, ವಂಜುಲದಲ್ಲಿ ಕಂಡ ತೊಡಕೇ ಇಲ್ಲಿ ಲ್ಯಾಟಿನ್ನಿನ ವೇಷದಲ್ಲಿ ಮರಳಿ ಬಂದಿದೆ.

ಇಂತಹ ತೊಡಕುಗಳನ್ನು ತಪ್ಪಿಸುವುದಕ್ಕಾಗಿಯೇ ಮೂಲಮಾದರಿಯ ನಿಯಮವು ಬಂದಿತು. ೧೯೫೮ರ ಆರಂಭದಿಂದ, ಹೊಸ ಪ್ರಭೇದವನ್ನು ಪ್ರಕಟಿಸುವವನು ಯಾವ ಮಾದರಿಯನ್ನು ನೋಡಿ ಆ ಹೆಸರನ್ನು ಕೊಟ್ಟನೆಂಬುದನ್ನು ನಿರ್ದೇಶಿಸಲೇಬೇಕು. ಒಣಗಿಸಿದ ಆ ರೆಂಬೆಯು ಸಂಗ್ರಹಾಲಯದಲ್ಲಿ ರಕ್ಷಿತವಾಗಿರುವುದು. ಮುಂದೆ ಲಕ್ಷಣದಲ್ಲಿ ವಿವಾದ ಹುಟ್ಟಿದರೆ ಲಕ್ಷ್ಯವನ್ನೇ ತೆರೆದು ನೋಡಬಹುದು. ೧೯೩೫ರಿಂದ ೨೦೧೧ರ ಕೊನೆಯ ವರೆಗೆ ಲಕ್ಷಣವನ್ನು ಲ್ಯಾಟಿನ್ನಿನಲ್ಲಿಯೇ ಬರೆಯಬೇಕಾಗಿತ್ತು. ೨೦೧೨ರಿಂದ ಇಂಗ್ಲಿಷಿಗೂ ಅವಕಾಶವಾಗಿದೆ. ಭಾಷೆಯ ನಿಯಮವು ಸಡಿಲವಾದರೂ ಮಾದರಿಯ ನಿಯಮವು ಸಡಿಲವಾಗಲಿಲ್ಲವೆಂಬುದು ಗಮನಾರ್ಹ. ಗುರುವು ಶಿಷ್ಯನಿಗೆ ಮರವನ್ನು ತೋರಿಸುತ್ತಿದ್ದ ಪದ್ಧತಿಯೇ ಇಲ್ಲಿ ಬೇರೆ ರೂಪದಲ್ಲಿ ನೆಲೆಗೊಂಡಿದೆಯೆನ್ನಬಹುದು.

ಈ ವಿಚಾರವು ಸಸ್ಯಶಾಸ್ತ್ರಜ್ಞರಿಗೆ ಮಾತ್ರ ಸಂಬಂಧಪಟ್ಟುದೆಂದು ಸಾಹಿತ್ಯದ ಉಪಾಧ್ಯಾಯರು ಉಪೇಕ್ಷಿಸುವಂತಿಲ್ಲ. ಹಳಗನ್ನಡದ ಕಾವ್ಯದಲ್ಲಿ ‘ಅಸುಗೆ’ ಎಂಬ ತದ್ಭವವು ಬಂದಾಗ, ಕಿಟಕಿಯ ಹೊರಗಿರುವ ಕಂಬದ ಮರವನ್ನು ತೋರಿಸಿ ಇದೇ ಅದು ಎಂದರೆ ವಿದ್ಯಾರ್ಥಿಗೆ ಕವಿಯ ಮೇಲೆಯೇ ಅವಿಶ್ವಾಸ ಹುಟ್ಟುವುದು. ತರುಣಿಯ ಪಾದತಾಡನದಿಂದ ಅಶೋಕವು ಅರಳುವುದೆಂಬ ಕವಿಸಮಯವು ಕಲ್ಪಿತವಾದರೂ, ಅರಳಿದ ಅಶೋಕದ ಕೆಂಪು ಕಲ್ಪಿತವಲ್ಲ. ಕಂಡೂಕಾಣದ ಹಸುರು ಹೂವಿನ ಮರಕ್ಕೆ ಆ ವರ್ಣನೆಯನ್ನು ಹೊಂದಿಸಹೋದರೆ ಎರಡೂ ಸುಳ್ಳಾಗುವುವು. ವೈದ್ಯದಲ್ಲಿ ಹಾನಿಯು ಇನ್ನೂ ಪ್ರತ್ಯಕ್ಷವಾದುದು. ಅಶೋಕದ ತೊಗಟೆಯೆಂದು ಆ ಬೀದಿಮರದ ತೊಗಟೆಯನ್ನು ಬೆರೆಸಿ ಮಾರುವುದು ಪ್ರಸಿದ್ಧವಾದ ವಂಚನೆಯಾಗಿದೆ. ಪಶ್ಚಿಮಘಟ್ಟದ ಕಾಡುಗಳಲ್ಲಿ ನಿಜವಾದ ಅಶೋಕವು ವಿರಳವಾಗುತ್ತ ಬಂದು, ೧೯೯೮ರಲ್ಲಿ ಅಪಾಯಕ್ಕೆ ಗುರಿಯಾಗಬಲ್ಲ ಸಸ್ಯಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಸೇರಿತು. ಹೆಸರು ಬೇರೆ ಮರಕ್ಕೆ ಹೋದಮೇಲೆ ನಿಜವಾದ ಮರವು ಇಲ್ಲವಾಗುತ್ತಿರುವುದು ಜನರ ಗಮನಕ್ಕೆ ಬರುವುದೂ ಕಷ್ಟ.

ನಿಘಂಟುಗಳಲ್ಲಿ ಉದ್ದೇಶವೂ ಬೀಜರೂಪವಾದ ಲಕ್ಷಣವೂ ಇವೆ, ಹೋರ್ಟಸ್ ಮಲಬಾರಿಕಸ್ ಗ್ರಂಥದಲ್ಲಿ ವರ್ಣನೆಯೂ ಚಿತ್ರವೂ ಇವೆ, ರಾಕ್ಸ್‌ಬರ್ಗ್ ಅವರಲ್ಲಿ ವ್ಯಾವರ್ತಕ ಲಕ್ಷಣವಿದೆ, ಈಚಿನವರಲ್ಲಿ ಪರೀಕ್ಷೆಯಿದೆ. ಇವುಗಳಲ್ಲಿ ಒಂದನ್ನು ಹಿಡಿದು ಮತ್ತೊಂದನ್ನು ನಿಂದಿಸುವುದರಿಂದ ಪ್ರಯೋಜನವಿಲ್ಲ. ಪ್ರಾಚೀನ ಕಾವ್ಯಗಳನ್ನು ಸಂಪಾದಿಸುವವರು ಸಸ್ಯವಾಚಕ ಪದಗಳಿಗೆ ‘ವೃಕ್ಷವಿಶೇಷ’ವೆಂದು ಬರೆಯುವುದನ್ನು ಬಿಟ್ಟು, ನಿಘಂಟಿನ ಅನ್ವರ್ಥನಾಮಗಳನ್ನೂ ನಾಡಿನಲ್ಲಿ ಬಳಕೆಯಲ್ಲಿರುವ ಹೆಸರನ್ನೂ ಸಸ್ಯಶಾಸ್ತ್ರದ ಎರಡು ಪದಗಳ ಹೆಸರನ್ನೂ ಒಟ್ಟಿಗೆ ಕೊಡುವುದು ಯುಕ್ತ. ನಿರ್ಣಯವು ಸಂದಿಗ್ಧವಾದಲ್ಲಿ ಸಂದಿಗ್ಧವೆಂದೇ ಬರೆಯತಕ್ಕದ್ದು. ಸಾಧ್ಯವಾದೆಡೆಯಲ್ಲಿ ಉಪಾಧ್ಯಾಯರು ವಿದ್ಯಾರ್ಥಿಗಳನ್ನು ಹೂಬಿಡುವ ಕಾಲದಲ್ಲಿ ಮರದ ಬಳಿಗೆ ಕರೆದುಕೊಂಡು ಹೋಗಿ, ತಾಮ್ರಪಲ್ಲವವೆಂದರೇನು, ಪಿಂಡಪುಷ್ಪವೆಂದರೇನು ಎಂಬುದನ್ನು ಪ್ರತ್ಯಕ್ಷವಾಗಿ ತೋರಿಸಿದರೆ ನಿಘಂಟಿನ ಶ್ಲೋಕಕ್ಕೆ ಅರ್ಥವು ಬರುವುದು. ಈ ದಿಕ್ಕಿನಲ್ಲಿ ಕದಂಬ, ನಾಗಕೇಸರ, ತಮಾಲ ಮೊದಲಾದ ಸಸ್ಯಗಳ ನಾಮವಿಚಾರವೂ ವಿದ್ವಾಂಸರಿಂದ ನಡೆಯಬೇಕಾಗಿದೆ.